ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಕಟ್ಟುವುದು ಯಾಕೆ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ತಂದೆಗೆ 68 ವರ್ಷ, 18 ವರ್ಷದಿಂದ ಸಕ್ಕರೆ ಕಾಯಿಲೆ. ಆರು ತಿಂಗಳಿಂದ ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತದೆ ಅನ್ನುತ್ತಾರೆ. ಒಮ್ಮೆ ಬಚ್ಚಲಿನ ಬಾಗಿಲಲ್ಲೇ ಬಿದ್ದರು. ಡಾಕ್ಟರು ಮಲಗಿಸಿ ನೋಡಿದಾಗ ಬಿಪಿ 148 ಇತ್ತು, ನಿಲ್ಲಿಸಿ ನೋಡಿದಾಗ 112. ನಾಡಿ 76 ಇದ್ದದ್ದು 80 ಆಯಿತು ಅಷ್ಟೆ. 'ಅಟೊನಾಮಿಕ್ ನರಗಳು ಸೋತಿವೆ' ಎಂದರು. ಇದು ಯಾವ ನರ? ನಾನು ಹವ್ಯಾಸಿ ಯಕ್ಷಗಾನ ಕಲಾವಿದ. ಆಟದ ಮೊದಲು ಬಣ್ಣ ಹಚ್ಚುವ ಚೌಕಿಯಲ್ಲಿ ಕೂತಾಗ ಎದೆ ಡವಡವ ಅನ್ನುತ್ತದೆ, ಬಾಯಿ ಒಣಗುತ್ತದೆ, ಅಂಗೈ ಒದ್ದೆ. ಇದೂ ಅದೇ ನರದ ಕೆಲಸವಂತೆ, ಹೌದಾ? ನನಗೂ ಮುಂದೆ ತಂದೆಯ ಹಾಗೇ ಆಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಚೌಕಿಯಲ್ಲಿ ನಿಮ್ಮ ಎದೆ ಹೊಡೆದುಕೊಳ್ಳುವುದು ಕಾಯಿಲೆಯಲ್ಲ. ನಿಮ್ಮ ಅಟೊನಾಮಿಕ್ ನರಗಳು ಚುರುಕಾಗಿವೆ ಎನ್ನುವುದಕ್ಕೆ ಅದೇ ಗುರುತು. ತಂದೆಯವರಲ್ಲಿ ಅವೇ ನರಗಳು ಕರೆದಾಗ ಓಗೊಡುತ್ತಿಲ್ಲ. ಕರೆ ಬಂದಾಗ ಈ ನರಗಳು ಏನು ಮಾಡಬೇಕು ಎಂದು ಗೊತ್ತಾದರೆ ಎರಡೂ ಅರ್ಥವಾಗುತ್ತವೆ. ನಾನು ಮಂಗಳೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯೆಯ ಪಾಠ ಮಾಡುತ್ತೇನೆ. ಈ ಅಧ್ಯಾಯವನ್ನು ಪ್ರತಿ ವರ್ಷವೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಮಲಗಿದ್ದ ಮನುಷ್ಯ ಎದ್ದು ನಿಂತರೆ ಯಾಕೆ ಬೀಳುವುದಿಲ್ಲ?

ಬೀಳಬೇಕಿತ್ತು, ಅಲ್ವಾ? ಎದ್ದು ನಿಂತ ಕೂಡಲೇ ಅರ್ಧ ಲೀಟರು ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೊಟ್ಟೆ, ಕಾಲಿನ ಕಡೆಗೆ ಇಳಿಯುತ್ತದೆ. ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತದೆ. ಮೆದುಳು ಹೃದಯಕ್ಕಿಂತ ಮೇಲಿದೆ, ಅಲ್ಲಿಗೆ ರಕ್ತ ಏರಬೇಕು. ಈ ಇಳಿತವನ್ನು ಮೊದಲು ಗುರುತಿಸುವುದು ನಿಮ್ಮ ಕೊರಳು. ದವಡೆಯ ಕೆಳಗೆ, ನಾಡಿ ಸಿಗುವ ಜಾಗದಲ್ಲಿ, ಮೆದುಳಿಗೆ ಹೋಗುವ ರಕ್ತನಾಳ ಒಂದು ಕಡೆ ಸ್ವಲ್ಪ ಉಬ್ಬಿಕೊಂಡಿದೆ. ಆ ಉಬ್ಬಿನ ಗೋಡೆಯಲ್ಲಿ ಎಳೆತವನ್ನು ತಿಳಿಯುವ ನರದ ತುದಿಗಳಿವೆ. ಹೃದಯದಿಂದ ಹೊರಡುವ ದೊಡ್ಡ ನಾಳದ ಬಾಗಿನಲ್ಲೂ ಇಂಥವೇ ಇವೆ. ರಕ್ತದ ಒತ್ತಡ ಇಳಿದರೆ ಗೋಡೆ ಸಡಿಲವಾಗುತ್ತದೆ. ಆ ತುದಿಗಳಿಂದ ಮೆದುಳಿನ ಬುಡಕ್ಕೆ ಹೋಗುತ್ತಿದ್ದ ಸುದ್ದಿ ಕಡಿಮೆಯಾಗುತ್ತದೆ. ಸುದ್ದಿ ಕಡಿಮೆಯಾದದ್ದೇ ಸುದ್ದಿ. ಒಂದೆರಡು ಬಡಿತದೊಳಗೆ ಹೃದಯದ ವೇಗ ಏರುತ್ತದೆ. ಇನ್ನು ಕೆಲವು ಸೆಕೆಂಡಿನಲ್ಲಿ ಕಾಲಿನ, ಹೊಟ್ಟೆಯ ರಕ್ತನಾಳಗಳು ಬಿಗಿಯಾಗುತ್ತವೆ. ನೀವು ಅಷ್ಟರಲ್ಲಿ ಚಪ್ಪಲಿ ಹುಡುಕುತ್ತಾ ಇರುತ್ತೀರಿ. ಏನೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ತಂದೆಯವರ ಲೆಕ್ಕ ನೋಡಿ. ನಿಂತಾಗ ಮೇಲಿನ ಬಿಪಿ ಮೂರು ನಿಮಿಷದೊಳಗೆ 20ರಷ್ಟು ಇಳಿದರೆ ಅದು ಗಮನಿಸಬೇಕಾದ ಇಳಿತ ಎಂದು ವೈದ್ಯರು ಎಣಿಸುತ್ತಾರೆ. ಇವರದು 36 ಇಳಿದಿದೆ. ಅದಕ್ಕಿಂತ ಮುಖ್ಯವಾದದ್ದು ನಾಡಿ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದವರಿಗೂ ನಿಂತರೆ ಬಿಪಿ ಇಳಿಯುತ್ತದೆ, ಆದರೆ ಅವರ ನಾಡಿ ಓಡುತ್ತದೆ. ನರ ಗಟ್ಟಿಯಿದೆ, ಅದು ಬೊಬ್ಬೆ ಹೊಡೆಯುತ್ತದೆ. ನಿಮ್ಮ ತಂದೆಯವರ ಬಿಪಿ 36 ಇಳಿದರೂ ನಾಡಿ ಏರಿದ್ದು ಬರೀ 4. ಡಾಕ್ಟರು ಬಿಪಿಯ ಜೊತೆ ನಾಡಿಯನ್ನೂ ಬರೆದಿಟ್ಟದ್ದು ತುಂಬಾ ಒಳ್ಳೆಯ ಕೆಲಸ. ಎಷ್ಟೋ ಕಡೆ ಕೂರಿಸಿ ಒಮ್ಮೆ ಬಿಪಿ ನೋಡಿ ಕಳಿಸಿಬಿಡುತ್ತಾರೆ. ಹಾಗೆ ನೋಡಿದ್ದರೆ ಇದು ಸಿಕ್ಕುತ್ತಲೇ ಇರಲಿಲ್ಲ.

ಈ ನರಗಳ ಜಾಲಕ್ಕೆ ಅಟೊನಾಮಿಕ್ ಎಂದು 1898ರಲ್ಲಿ ಹೆಸರಿಟ್ಟವರು ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ. ತನ್ನ ಆಡಳಿತ ತಾನೇ ನೋಡಿಕೊಳ್ಳುವುದು ಎಂದು ಅರ್ಥ. ನಮ್ಮ ಪಠ್ಯಪುಸ್ತಕದಲ್ಲಿ ಸ್ವಯಂನಿಯಂತ್ರಿತ ನರವ್ಯೂಹ ಎಂದಿರುತ್ತದೆ. ನನಗೆ ಆ 'ಸ್ವಯಂ' ಅಷ್ಟಾಗಿ ಒಪ್ಪಿಗೆಯಿಲ್ಲ. ನಾಳೆ ರಾತ್ರಿ ಆಟ ಇದೆ ಎಂದು ನೆನೆದರೇ ಸಾಕು, ಇವತ್ತೇ ನಿಮ್ಮ ಹೊಟ್ಟೆ ಕಲಕುತ್ತದೆ. ಮನಸ್ಸಿಗೂ ಈ ನರಗಳಿಗೂ ನಡುವೆ ಬಾಗಿಲು ಯಾವಾಗಲೂ ತೆರೆದೇ ಇದೆ.

ಇದರಲ್ಲಿ ಎರಡು ಭಾಗ. ಸಿಂಪಥೆಟಿಕ್ ನರಗಳು ಬೆನ್ನುಹುರಿಯ ಎದೆಯ ಭಾಗದಿಂದ ಸೊಂಟದ ಮೇಲ್ಭಾಗದ ತನಕ ಹೊರಡುತ್ತವೆ. ಪ್ಯಾರಾಸಿಂಪಥೆಟಿಕ್ ನರಗಳು ಎರಡು ತುದಿಗಳಿಂದ ಬರುತ್ತವೆ, ಮೆದುಳಿನ ಬುಡದಿಂದ ಮತ್ತು ಬೆನ್ನುಹುರಿಯ ಕೆಳತುದಿಯಿಂದ. ಎರಡರಲ್ಲೂ ನರ ಒಂದೇ ಓಟಕ್ಕೆ ಅಂಗವನ್ನು ಮುಟ್ಟುವುದಿಲ್ಲ, ನಡುವೆ ಒಮ್ಮೆ ಬದಲಾಗಬೇಕು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಎರಡು ಸ್ಟಾಪ್ ದಾಟಿ ಇಳಿದು, ಅಲ್ಲಿಂದ ನಾಲ್ಕು ದಿಕ್ಕಿಗೂ ಹೋಗುವ ದೂರದ ಬಸ್ಸು ಹಿಡಿಯುವ ಹಾಗೆ ಸಿಂಪಥೆಟಿಕ್. ಬೆನ್ನೆಲುಬಿನ ಪಕ್ಕದಲ್ಲೇ ಗಂಟುಗಳ ಸಾಲಿದೆ, ಬದಲಾವಣೆ ಹೆಚ್ಚಾಗಿ ಅಲ್ಲೇ. ಒಂದು ಎಳೆ ಬಂದರೆ ಹತ್ತಾರು ಎಳೆಗಳು ಹೊರಡುತ್ತವೆ. ಅದಕ್ಕೇ ಹೆದರಿಕೆಯಾದರೆ ಮೈಯೆಲ್ಲಾ ಒಟ್ಟಿಗೆ ಏಳುತ್ತದೆ. ಪ್ಯಾರಾಸಿಂಪಥೆಟಿಕ್ ಹಾಗಲ್ಲ. ಒಂದೇ ಬಸ್ಸಿನಲ್ಲಿ ಮನೆಯ ಗೇಟಿನ ತನಕ ಬಂದು ಇಳಿದು ನಾಲ್ಕು ಹೆಜ್ಜೆ ನಡೆದ ಹಾಗೆ. ಅದರ ಬದಲಾವಣೆ ಅಂಗದ ಹತ್ತಿರ ಅಥವಾ ಅಂಗದ ಗೋಡೆಯಲ್ಲೇ. ಹಾಗಾಗಿ ಅದು ಒಂದೊಂದು ಅಂಗಕ್ಕೆ ಬೇರೆ ಬೇರೆ ಮಾತಾಡಬಲ್ಲದು.

ಶಾಲೆಯಲ್ಲಿ ಒಂದು ಆಕ್ಸಿಲರೇಟರು, ಇನ್ನೊಂದು ಬ್ರೇಕು ಎಂದು ಕಲಿಸುತ್ತಾರೆ. ಅದನ್ನು ಕೇಳಿದ ಮಕ್ಕಳು ಒಂದು ಒತ್ತಿದಾಗ ಇನ್ನೊಂದು ಸುಮ್ನೆ ಇರುತ್ತದೆ ಎಂದುಕೊಳ್ಳುತ್ತಾರೆ. ಹೃದಯದಲ್ಲಿ ನಿಜವಾಗಿ ಏನಾಗುತ್ತದೆ ನೋಡಿ. ಹೃದಯಕ್ಕೆ ತನ್ನದೇ ತಾಳವಿದೆ. ಯಾವ ನರವೂ ಮುಟ್ಟದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಬೇರೆಯವರ ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದು ಕಾಣುತ್ತದೆ. ಕಸಿ ಮಾಡುವಾಗ ನರಗಳು ಕತ್ತರಿಸಿಹೋಗುತ್ತವೆ, ಆಮೇಲೆ ಅವರು ಆರಾಮವಾಗಿ ಕೂತಿದ್ದರೂ ನಾಡಿ 90, 100ರ ಹತ್ತಿರ ಇರುತ್ತದೆ. ಹಾಗಾದರೆ ನಮ್ಮದು 70 ಇರುವುದು ಹೇಗೆ? ಮೆದುಳಿನ ಬುಡದಿಂದ ಇಳಿದು ಬರುವ ವೇಗಸ್ ಎಂಬ ಉದ್ದದ ಪ್ಯಾರಾಸಿಂಪಥೆಟಿಕ್ ನರ ಹಗಲೂ ರಾತ್ರಿ ಅದನ್ನು ಹಿಡಿದಿಟ್ಟಿದೆ. ಕಂಬಳದ ಕರೆಯಲ್ಲಿ, ಅಂದರೆ ಓಟದ ಗದ್ದೆಯಲ್ಲಿ, ಓಟಕ್ಕೆ ಮೊದಲು ಕೋಣಗಳನ್ನು ಜನ ಹಿಡಿದು ನಿಲ್ಲಿಸಿರುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಹಿಡಿದವರು ಕೈ ಬಿಟ್ಟರೆ ಸಾಕು, ಕೋಣಗಳು ಹೊರಟುಬಿಡುತ್ತವೆ. ಬೆತ್ತ ಆಮೇಲೆ. ನೀವು ಎದ್ದು ನಿಂತಾಗ ಹೃದಯದ ವೇಗ ಮೊದಲು ಏರುವುದು ವೇಗಸ್ ಕೈ ಸಡಿಲ ಬಿಟ್ಟದ್ದರಿಂದ. ಸಿಂಪಥೆಟಿಕ್ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಇದನ್ನು ಈಗಲೇ ಬೆರಳಲ್ಲಿ ಮುಟ್ಟಿ ನೋಡಬಹುದು. ಕುರ್ಚಿಯಲ್ಲಿ ಕೂತು ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳು ಇಡಿ. ಐದು ಸೆಕೆಂಡು ಉಸಿರು ಎಳೆದುಕೊಳ್ಳಿ, ಐದು ಸೆಕೆಂಡು ಬಿಡಿ. ಎಳೆದುಕೊಳ್ಳುವಾಗ ಬಡಿತಗಳು ಹತ್ತಿರ ಹತ್ತಿರ ಬರುತ್ತವೆ, ಬಿಡುವಾಗ ದೂರ ದೂರ ಹೋಗುತ್ತವೆ. ಪ್ರಾಯದವರಲ್ಲಿ ಈ ವ್ಯತ್ಯಾಸ ಚೆನ್ನಾಗಿ ಸಿಗುತ್ತದೆ. ವೇಗಸ್ ಒಂದೊಂದು ಉಸಿರಿಗೂ ಹಿಡಿತ ಸಡಿಲಿಸಿ ಮತ್ತೆ ಬಿಗಿ ಮಾಡುತ್ತಿದೆ. ತಂದೆಯವರಲ್ಲಿ ಹೀಗೆ ನೋಡಿದರೆ ಬಡಿತ ಗಡಿಯಾರದ ಹಾಗೆ ಒಂದೇ ಸಮ ಇರಬಹುದು. ಕೇಳಲು ಅದು ಒಳ್ಳೆಯ ಸುದ್ದಿಯ ಹಾಗೆ ಇದೆ, ಆದರೆ ಅಲ್ಲ. ಆಸ್ಪತ್ರೆಯಲ್ಲಿ ಇಸಿಜಿ ಹಾಕಿಟ್ಟು, ನಿಮಿಷಕ್ಕೆ ಆರು ಉಸಿರು ತೆಗೆಸಿ ಇದನ್ನೇ ಅಳೆಯುತ್ತಾರೆ. ಅಟೊನಾಮಿಕ್ ನರಗಳ ಪರೀಕ್ಷೆ ಎಂದರೆ ಮುಖ್ಯವಾಗಿ ಇದು.

ನರ ಅಂಗಕ್ಕೆ ಹೇಗೆ ಹೇಳುತ್ತದೆ ಎಂಬುದು ನೂರು ವರ್ಷದ ಹಿಂದೆ ದೊಡ್ಡ ಜಗಳದ ವಿಷಯವಾಗಿತ್ತು. ಕರೆಂಟಿನ ಹಾಗೆ ಹಾದುಹೋಗುತ್ತದೆ ಎಂದು ಕೆಲವರು, ಯಾವುದೋ ರಸ ಬಿಡುತ್ತದೆ ಎಂದು ಕೆಲವರು. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ ಓಟೊ ಲೋವಿ ಎಂಬ ವಿಜ್ಞಾನಿಗೆ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಚೀಟಿಯಲ್ಲಿ ಗೀಚಿಟ್ಟು ಮಲಗಿದರು. ಬೆಳಿಗ್ಗೆ ತಮ್ಮದೇ ಅಕ್ಷರ ಓದಲಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಹೊಳಹು ಮತ್ತೆ ಬಂತು. ಈ ಸಲ ನೇರ ಪ್ರಯೋಗಾಲಯಕ್ಕೆ ನಡೆದರು. ಎರಡು ಕಪ್ಪೆಗಳ ಹೃದಯ ತೆಗೆದುಕೊಂಡರು. ಒಂದರ ವೇಗಸ್ ನರವನ್ನು ಪ್ರಚೋದಿಸಿ ಬಡಿತ ನಿಧಾನ ಮಾಡಿದರು. ಅದರೊಳಗಿದ್ದ ಉಪ್ಪುನೀರನ್ನು ಎರಡನೆಯ ಹೃದಯಕ್ಕೆ ಹಾಕಿದರು. ಯಾವ ನರವೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ಆ ರಸವೇ ಅಸಿಟೈಲ್‌ಕೋಲಿನ್. ನಮ್ಮಲ್ಲಿ, ದನದಲ್ಲಿ, ನಾಯಿಯಲ್ಲೂ ಅದೇ. ಲೋವಿ ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಬಂತು. ಸಿಂಪಥೆಟಿಕ್ ನರದ ತುದಿ ಹೆಚ್ಚಿನ ಕಡೆ ಬಿಡುವುದು ಬೇರೆ ರಸ, ನಾರ್‌ಅಡ್ರಿನಲಿನ್. ಕಾಲಿನ ರಕ್ತನಾಳವನ್ನು ಬಿಗಿ ಮಾಡುವುದು ಅದು.

ನಮ್ಮ ಊರಿನವರಿಗೆ ಈ ರಸಾಯನ ಪಾಠವನ್ನು ವಿವರಿಸುವುದು ಸುಲಭ. ಅಭ್ಯಾಸವಿಲ್ಲದವರು ಹಸಿ ಅಡಿಕೆ ಹಾಕಿಕೊಂಡರೆ ಏನಾಗುತ್ತದೆ? ಬಾಯಿ ತುಂಬ ಜೊಲ್ಲು, ಹಣೆಯಲ್ಲಿ ಬೆವರು, ತಲೆ ತಿರುಗು. 'ಅಡಿಕೆ ಸೊಕ್ಕಿತು' ಎನ್ನುತ್ತೇವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು ಅಸಿಟೈಲ್‌ಕೋಲಿನ್‌ನ ವೇಷ ಹಾಕಿಕೊಂಡು ಅದರ ಜಾಗದಲ್ಲಿ ಕೂತುಬಿಡುತ್ತದೆ. ನರ ಕರೆಯದಿದ್ದರೂ ಜೊಲ್ಲಿನ ಗ್ರಂಥಿ ಕೆಲಸ ಶುರು ಮಾಡುತ್ತದೆ. ಇದಕ್ಕೆ ಪೂರ್ತಿ ಉಲ್ಟಾ ಉಮ್ಮತ್ತದ ಕಾಯಿ. ಅದರ ವಿಷ ಅದೇ ಜಾಗಕ್ಕೆ ಬೀಗ ಹಾಕುತ್ತದೆ. ಬಾಯಿ ಒಣಗಿ ಕಟ್ಟಿಗೆ, ಬೆವರಿಲ್ಲದೆ ಮೈ ಕೆಂಡ, ಕಣ್ಣಿನ ಪಾಪೆ ದೊಡ್ಡದು, ಮೂತ್ರ ಕಟ್ಟು, ಎದೆ ಓಟ, ಬುದ್ಧಿ ಭ್ರಮೆ. ಕಣ್ಣಿನ ಡಾಕ್ಟರು ಪಾಪೆ ದೊಡ್ಡದು ಮಾಡಲು ಹಾಕುವ ತೊಟ್ಟುಗಳೂ ಇದೇ ಬೀಗದ ಜಾತಿ, ಅಳತೆ ಮಾತ್ರ ಸಣ್ಣದು. ಅಡಿಕೆಯ ಮಾತು ತೆಗೆದದ್ದಕ್ಕೆ ಇಷ್ಟು ಹೇಳಲೇಬೇಕು: ತಂಬಾಕು ಸೇರಿಸದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ದಾರಿ. ಇದರ ಬೆಳೆಯಿಂದ ಬದುಕುವ ಊರಲ್ಲಿ ಕೂತು ಹೀಗೆ ಹೇಳಲು ಕಷ್ಟವಾಗುತ್ತದೆ. ಆದರೂ ನಿಜ.

ಈಗ ಚೌಕಿಗೆ ಬನ್ನಿ. ಬಣ್ಣ ಹಚ್ಚಿ ಕೂತಿದ್ದೀರಿ, ಹೊರಗೆ ಚಂಡೆ ಕೇಳುತ್ತಿದೆ. ವೇಗಸ್ ಹಿಡಿತ ಬಿಡುತ್ತದೆ, ಸಿಂಪಥೆಟಿಕ್ ಏಳುತ್ತದೆ, ಎದೆ ಡವಡವ. ನೀರಾದ ಜೊಲ್ಲನ್ನು ಧಾರಾಳವಾಗಿ ಸುರಿಸುವುದು ಪ್ಯಾರಾಸಿಂಪಥೆಟಿಕ್. ಅದು ತಗ್ಗಿದರೆ ನಾಲಿಗೆ ಅಂಟುತ್ತದೆ. ಜಠರದ ಕೆಲಸ ನಿಲ್ಲುತ್ತದೆ, ಅದಕ್ಕೇ ಆಟದ ಮೊದಲು ಊಟ ಸೇರುವುದಿಲ್ಲ. ಅಂಗೈ ಬೆವರುವುದು ಮಾತ್ರ ವಿಶೇಷ. ಅಲ್ಲಿಗೆ ಬರುವುದು ಸಿಂಪಥೆಟಿಕ್ ನರವೇ, ಆದರೆ ಅದು ಬಿಡುವುದು ಅಸಿಟೈಲ್‌ಕೋಲಿನ್. ಮನುಷ್ಯನ ಬೆವರಿನ ಗ್ರಂಥಿಯ ಕಟ್ಟಳೆಯೇ ಬೇರೆ. ಇದು ಮುಂದೆ ತಂದೆಯವರ ವಿಷಯದಲ್ಲಿ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಕಿಡ್ನಿಯ ಮೇಲೆ ಟೊಪ್ಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿಯೂ ಇದೇ ಕುಟುಂಬ. ಅದರ ಒಳಗಿನ ತಿರುಳು ಸಿಂಪಥೆಟಿಕ್ ಗಂಟೇ ಸರಿ, ತನ್ನ ರಸವನ್ನು ರಕ್ತಕ್ಕೇ ಸುರಿಯುತ್ತದೆ. ಅಡ್ರಿನಲಿನ್ ರಕ್ತದಲ್ಲಿ ಕೆಲವು ನಿಮಿಷ ಉಳಿಯುತ್ತದೆ. ಹೈವೇಯಲ್ಲಿ ಬಸ್ಸು ಮೈಗೆ ತಾಗುವ ಹಾಗೆ ಹಾದುಹೋದರೆ, ಬಸ್ಸು ಕಣ್ಮರೆಯಾದ ಮೇಲೂ ಬೈಕು ನಿಲ್ಲಿಸಿದ ನಿಮ್ಮ ಮೊಣಕಾಲು ನಡುಗುತ್ತಿರುತ್ತದೆ, ಅಲ್ವಾ? ಅದು ಇದು. ರಂಗಸ್ಥಳಕ್ಕೆ ಹೋಗಿ ಎರಡು ಸುತ್ತು ಕುಣಿದ ಮೇಲೆ ಹೆದರಿಕೆ ಹೋಗುತ್ತದೆ ಎಂದು ಎಲ್ಲ ಕಲಾವಿದರೂ ಹೇಳುತ್ತಾರೆ. ಆಗ ನಾಡಿ ಎಣಿಸಿದರೆ ಚೌಕಿಯಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ ಈಗ ಆ ರಕ್ತಕ್ಕೆ, ಅಡ್ರಿನಲಿನ್ ರಕ್ತದಲ್ಲಿ ಏರಿಸಿದ ಸಕ್ಕರೆಗೆ ಕೆಲಸವಿದೆ. ಕಾಲು ಕೇಳುತ್ತಿದೆ. ಚೌಕಿಯಲ್ಲಿ ಕಷ್ಟವಾದರೆ ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ನಾಲ್ಕೈದು ನಿಮಿಷ. ಬಿಡುವಾಗ ವೇಗಸ್ ಹಿಡಿಯುತ್ತದೆ ಎಂದು ನಿಮ್ಮ ಬೆರಳೇ ಹೇಳಿತಲ್ಲ.

ಮನೆಯ ಪ್ರಾಣಿಗಳಲ್ಲೂ ಇದೆಲ್ಲ ನೋಡಲು ಸಿಗುತ್ತದೆ. ದೀಪಾವಳಿಯ ಪಟಾಕಿಗೆ ಮಂಚದ ಕೆಳಗೆ ಸೇರಿದ ನಾಯಿ ಎದ್ದುಹೋದ ಮೇಲೆ ಕಾವಿ ನೆಲದ ಮೇಲೆ ಒದ್ದೆ ಹೆಜ್ಜೆ ಕಂಡರೆ, ಅದು ಬೆವರು. ನಾಯಿಗೆ ಅಂಥ ಬೆವರಿನ ಗ್ರಂಥಿ ಇರುವುದು ಪಾದದಲ್ಲಿ. ಮೈ ತಂಪು ಮಾಡುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಕೋಣಕ್ಕೆ ಬೆವರಿನ ಗ್ರಂಥಿ ದನಕ್ಕಿಂತ ತುಂಬಾ ಕಡಿಮೆ, ಹಾಗಾಗಿ ಕೆರೆ ಬೇಕು, ಮೈಗೆ ನೀರು ಹೊಯ್ಯಬೇಕು. ಬೆಕ್ಕಿನ ರೋಮ ನಿಮಿರುವುದೂ ನಮಗೆ ಮೈ ಜುಮ್ಮೆನ್ನುವುದೂ ಒಂದೇ ಸಿಂಪಥೆಟಿಕ್ ಕೆಲಸ.

ಬೆಕ್ಕಿನ ವಿಷಯದಲ್ಲಿ ಒಂದು ಹಳೆಯ ಪ್ರಯೋಗ ನಿಮ್ಮ ತಂದೆಯವರನ್ನು ಅರ್ಥ ಮಾಡಿಕೊಳ್ಳಲು ತುಂಬಾ ಸಹಾಯ ಮಾಡುತ್ತದೆ. ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್, ಹೆದರಿದ ಪ್ರಾಣಿ ಹೋರಾಟಕ್ಕೋ ಓಟಕ್ಕೋ ಅಣಿಯಾಗುತ್ತದೆ ಎಂದು ತೋರಿಸಿದವರು, ಬೆಕ್ಕುಗಳ ಸಿಂಪಥೆಟಿಕ್ ಗಂಟುಗಳ ಸಾಲನ್ನೇ ಪೂರ್ತಿ ತೆಗೆದರು. ಬೆಕ್ಕುಗಳು ಸಾಯಲಿಲ್ಲ. ಪ್ರಯೋಗಾಲಯದ ಬೆಚ್ಚಗಿನ ಗೂಡಿನಲ್ಲಿ ತಿಂದು ಮಲಗಿ ಚೆನ್ನಾಗಿಯೇ ಇದ್ದವು. ಚಳಿಗೆ ಬಿಟ್ಟಾಗ ಮಾತ್ರ ರೋಮ ನಿಮಿರಲಿಲ್ಲ, ಮೈಯ ಬಿಸಿ ಉಳಿಯಲಿಲ್ಲ. ಮಲಗಿದ್ದಾಗ ನಿಮ್ಮ ತಂದೆಯವರೂ ಹಾಗೆ, ಏನೂ ತೊಂದರೆಯಿಲ್ಲ. ಎದ್ದು ನಿಲ್ಲುವುದೇ ಅವರಿಗೆ ಚಳಿ.

ಸಕ್ಕರೆ ಕಾಯಿಲೆ ಈ ನರಗಳನ್ನು ಯಾಕೆ ಹಿಡಿಯುತ್ತದೆ? ಇವು ತೆಳ್ಳಗಿನ ಎಳೆಗಳು, ಹೊದಿಕೆ ಕಡಿಮೆ ಅಥವಾ ಇಲ್ಲವೇ ಇಲ್ಲ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಎಳೆಗಳೂ ಸವೆಯುತ್ತವೆ, ಅವಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಉದ್ದದ ನರಗಳಿಗೆ ಪೆಟ್ಟು ಮೊದಲು. ಪಾದ ಜೋಮು ಹಿಡಿಯುವುದು ಅದಕ್ಕೇ, ಉದ್ದದ ವೇಗಸ್ ಬೇಗ ಸೋಲುವುದೂ ಅದಕ್ಕೇ. ಕೆಲವರಿಗೆ ಜಠರ ನಿಧಾನವಾಗಿ ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ. ಎದೆನೋವಿಲ್ಲದೆ ಹಾರ್ಟ್ ಅಟ್ಯಾಕ್ ಆಗುವುದೂ ಉಂಟು. ಹಾಗಾಗಿ ಅವರಿಗೆ ಕಾರಣವಿಲ್ಲದೆ ಸುಸ್ತು, ಉಬ್ಬಸ, ಬೆವರು ಬಂದರೆ ಗ್ಯಾಸ್ ಎಂದು ಬಿಡಬೇಡಿ, ಅವತ್ತೇ ಇಸಿಜಿ ಮಾಡಿಸಿ.

ಸಕ್ಕರೆ ತೀರಾ ಇಳಿದಾಗ ಎದೆ ಬಡಿತ, ನಡುಕ, ಬೆವರು ಬಂದು ನಮ್ಮನ್ನು ಎಚ್ಚರಿಸುವುದೂ ಇವೇ ನರಗಳು ಮತ್ತು ಅಡ್ರಿನಲಿನ್. ನರ ಸೋತರೆ ಆ ಎಚ್ಚರಿಕೆ ಮಂಕಾಗುತ್ತದೆ. ಬಿಪಿಗೆ ಅಥವಾ ಹೃದಯಕ್ಕೆ ಅಡ್ರಿನಲಿನ್ ಕೆಲಸವನ್ನು ತಡೆಯುವ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ಇದ್ದರೆ ಬಡಿತ, ನಡುಕ ಇನ್ನೂ ಅಡಗುತ್ತವೆ. ಆಗ ಉಳಿಯುವ ಗುರುತು ಬೆವರು, ಯಾಕೆಂದರೆ ಅದು ನಡೆಯುವುದು ಅಸಿಟೈಲ್‌ಕೋಲಿನ್ ಮೇಲೆ, ಆ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಅವರ ಹಣೆ ತಣ್ಣಗೆ ಬೆವರಿದರೆ ಕೂಡಲೇ ಸಕ್ಕರೆ ನೋಡಿ.

ಇನ್ನು ಮನೆಯಲ್ಲಿ ಮಾಡುವ ಕೆಲಸ. ಬೆಳಿಗ್ಗೆ ಏಳುವಾಗ ಮೊದಲು ಕೂರಲಿ, ಕಾಲು ಕೆಳಗೆ ಇಳಿಬಿಟ್ಟು ಎರಡು ಮೂರು ನಿಮಿಷ. ಹಿಮ್ಮಡಿ ಎತ್ತಿ ಇಳಿಸಿ ಮೀನಖಂಡ ಹಿಂಡಲಿ, ಅದು ಕಾಲಿನ ರಕ್ತವನ್ನು ಮೇಲೆ ತಳ್ಳುತ್ತದೆ. ಹೃದಯ, ಕಿಡ್ನಿ ಸರಿಯಿದ್ದು ಡಾಕ್ಟರು ಒಪ್ಪಿದರೆ ಏಳುವ ಮೊದಲು ಎರಡು ಲೋಟ ನೀರು. ಸೋತ ನರದವರಲ್ಲಿ ಬರೀ ನೀರೇ ಬಿಪಿಯನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಮರದ ತುಂಡು ಇಟ್ಟು ಮಂಚವನ್ನೇ ಸ್ವಲ್ಪ ಓರೆ ಮಾಡಿ. ಚಪ್ಪಟೆ ಮಲಗಿದರೆ ಇವರ ಬಿಪಿ ಏರುತ್ತದೆ, ಕಿಡ್ನಿ ರಾತ್ರಿಯಿಡೀ ನೀರು ಹೊರಗೆ ಹಾಕುತ್ತದೆ, ಬೆಳಿಗ್ಗೆ ಮೈಯಲ್ಲಿ ರಕ್ತದ ಪ್ರಮಾಣವೇ ಕಡಿಮೆ. ಬಿಪಿ ಇಳಿಯುತ್ತದೆ ಎಂದು ಉಪ್ಪು ಜಾಸ್ತಿ ಹಾಕಬೇಡಿ, ಮಲಗಿದಾಗ 148 ಇದೆ.

ಬಚ್ಚಲಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಹಂಡೆಯ ಸುಡುನೀರು ಮೈ ಮೇಲೆ ಬಿದ್ದರೆ ಚರ್ಮದ ರಕ್ತನಾಳ ಅಗಲವಾಗುತ್ತದೆ, ಬಿಪಿ ಇನ್ನೂ ಇಳಿಯುತ್ತದೆ, ನೆಲ ಜಾರುತ್ತದೆ. ಒಂದು ಪ್ಲಾಸ್ಟಿಕ್ ಸ್ಟೂಲ್ ಇಡಿ, ಉಗುರು ಬೆಚ್ಚಗಿನ ನೀರಲ್ಲಿ ಕೂತು ಮೀಯಲಿ. ಚಿಲಕ ಹಾಕುವುದು ಬೇಡ. ರಾತ್ರಿ ಮೂತ್ರಕ್ಕೆ ಎದ್ದರೆ ಕೂತೇ ಮಾಡಲಿ, ಆ ಹೊತ್ತಿಗೆ ನಿಂತು ಮಾಡುವ ಗಂಡಸರು ಬೀಳುವುದು ಜಾಸ್ತಿ. ಮಧ್ಯಾಹ್ನ ಹೊಟ್ಟೆ ತುಂಬ ಅನ್ನ ಉಂಡರೆ ರಕ್ತ ಕರುಳಿನ ಕಡೆ ಹೋಗುತ್ತದೆ. ಸ್ವಲ್ಪ ಸ್ವಲ್ಪ ಮೂರು ನಾಲ್ಕು ಸಲ ಉಣ್ಣಲಿ. ತಲೆ ತಿರುಗಿದರೆ ಗೋಡೆ ಹಿಡಿದು ನಿಲ್ಲಲು ಹೋಗಬಾರದು, ಇದ್ದಲ್ಲೇ ಕೂರಬೇಕು ಅಥವಾ ಮಲಗಬೇಕು. ನೀವು ಕಾಲನ್ನು ಎತ್ತಿ ಹಿಡಿಯಿರಿ.

ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆದರೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಈ ಪ್ರಾಯದಲ್ಲಿ ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆಗಳು ನಾರ್‌ಅಡ್ರಿನಲಿನ್ ಕೂರುವ ಜಾಗವನ್ನೇ ಮುಚ್ಚುತ್ತವೆ. ಮೂತ್ರ ಸಲೀಸಾಗುತ್ತದೆ, ಜೊತೆಗೆ ರಕ್ತನಾಳವೂ ಸಡಿಲವಾಗುತ್ತದೆ. ಮೂತ್ರದ ಡಾಕ್ಟರು, ಸಕ್ಕರೆಯ ಡಾಕ್ಟರು, ಹೃದಯದ ಡಾಕ್ಟರು ಬೇರೆ ಬೇರೆಯಾದರೆ ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಒಂದು ವಾರ ಬೆಳಿಗ್ಗೆ ಮಲಗಿದಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಿ, ನಾಡಿಯನ್ನೂ ಸೇರಿಸಿ ಬರೆದಿಡಿ. ನಿಲ್ಲಿಸಿ ನೋಡುವಾಗ ಒಬ್ಬರು ಪಕ್ಕದಲ್ಲಿ ಹಿಡಿದುಕೊಂಡಿರಲಿ. ಆ ಹಾಳೆ ಮತ್ತು ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಮುಂದಿನ ಸಲ ಡಾಕ್ಟರ ಹತ್ತಿರ ಹೋಗಿ.